ತಂಬೂರಿಯ ದಾರ ಮತ್ತು ಸಿ.ವಿ. ರಾಮನ್

ಮಕ್ಕಳೇ, ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲೋ, ಸಿರುಗುಪ್ಪದ ನಿಮ್ಮ ಓಣಿಯ ಶ್ರಾವಣದ ಭಜನೆಯಲ್ಲೋ ತಂಬೂರಿ ಹಿಡಿದು ಕುಳಿತವರನ್ನು ನೀವು ನೋಡಿರಬಹುದು. ಹಾಡು ಮುಗಿದ ಮೇಲೆ ಒಮ್ಮೆ ಅವರ ಹತ್ತಿರ ಹೋಗಿ. ತಂಬೂರಿಯ ದೊಡ್ಡ ಬುರುಡೆಯ ಮೇಲೆ ಅಗಲವಾದ ಒಂದು ತುಂಡನ್ನು ಕೂರಿಸಿರುತ್ತಾರೆ. ತಂತಿಗಳು ಅದರ ಮೇಲೆ ಹಾದು ಹೋಗುತ್ತವೆ. ಅದಕ್ಕೆ ಕುದುರೆ ಎಂದು ಹೆಸರು. ಇನ್ನೂ ಬಾಗಿ ನೋಡಿದರೆ ಪ್ರತಿ ತಂತಿಗೂ ಕುದುರೆಗೂ ನಡುವೆ ಒಂದೊಂದು ದಾರದ ಎಳೆ ಸಿಕ್ಕಿಸಿರುವುದು ಕಾಣುತ್ತದೆ. ಅದನ್ನು ಜೀವಾಳ ಎನ್ನುತ್ತಾರೆ.

ಸಿರುಗುಪ್ಪ ಕಡೆಯ ಒಂದು ಶಾಲೆಯಲ್ಲಿ ನಾನು ಶಬ್ದದ ಪಾಠಕ್ಕೆಂದು ತಂಬೂರಿ ತರಿಸಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಈ ದಾರ ಯಾಕೆ, ತಂತಿ ಸವೆಯದಿರಲಿ ಎಂದು ಹಾಕಿದ್ದಾರೆಯೇ ಎಂದು ಕೇಳಿದಳು. ತೋರಿಸಿಯೇ ಬಿಡೋಣ ಎಂದು ದಾರ ಎಳೆದು ಹಾಕಿ ತಂತಿ ಮೀಟಿದೆ. ತುಂಬಿ ಹರಿಯುತ್ತಿದ್ದ ನಾದ ಹೋಗಿ, ಬರಿಯ ಒಣ ಸದ್ದು ಬಂತು. ತರಗತಿ ನಕ್ಕಿತು. ಆಮೇಲೆ ದಾರವನ್ನು ಮೊದಲಿನ ಹಾಗೆ ಕೂರಿಸಲು ಹೋದರೆ ನನ್ನಿಂದ ಆಗಲೇ ಇಲ್ಲ. ಎಂ.ಎಸ್ಸಿ. ಓದಿದವನು ನಾನು. ತಂಬೂರಿಯ ಯಜಮಾನರಾದ ಭಜನೆಯ ಅಜ್ಜ ಶಾಲೆಯ ಮೆಟ್ಟಿಲು ಸಹ ಹತ್ತಿದವರಲ್ಲ. ಅವರು ದಾರವನ್ನು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸುತ್ತಾ, ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತಾ, ಹತ್ತು ನಿಮಿಷದಲ್ಲಿ ನಾದವನ್ನು ಮರಳಿ ತಂದರು.

ಆ ಹುಡುಗಿಯ ಪ್ರಶ್ನೆಯನ್ನೇ ನೂರು ವರ್ಷಗಳ ಹಿಂದೆ ಒಬ್ಬರು ಕೇಳಿದ್ದರು. ಅವರನ್ನು ನೀವು ಬಲ್ಲಿರಿ. ಪ್ರತಿ ವರ್ಷ ಫೆಬ್ರವರಿ 28ರಂದು ಶಾಲೆಯಲ್ಲಿ ಅವರ ಫೋಟೋ ಇಟ್ಟು ವಿಜ್ಞಾನ ದಿನ ಆಚರಿಸುತ್ತೀರಿ. ಅವರೇ ಸರ್ ಸಿ.ವಿ. ರಾಮನ್. ಬೆಳಕಿನ ವಿಜ್ಞಾನಿ ಎಂದೇ ನಾವು ಅವರನ್ನು ನೆನೆಯುತ್ತೇವೆ. ಆದರೆ ಬೆಳಕು ಅವರಿಗೆ ಕೀರ್ತಿ ತಂದುಕೊಡುವ ಮೊದಲೇ ಅವರು ಹಲವಾರು ವರ್ಷ ತಂತಿ, ಕಮಾನು, ಚರ್ಮ ಮತ್ತು ಮರದ ಬೆನ್ನು ಹತ್ತಿದ್ದರು. ಇಂದು ಆ ಕಥೆಯನ್ನು ಕೇಳಿ.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು, ಮನೆಯಲ್ಲಿ ಪಿಟೀಲು ನುಡಿಸುತ್ತಿದ್ದರು. ಹೀಗೆ ಹುಡುಗ ರಾಮನ್‌ಗೆ ಗಣಿತವೂ ಪಿಟೀಲೂ ಒಂದೇ ಮನೆಯಲ್ಲಿ ಸಿಕ್ಕವು. ಓದಿನಲ್ಲಿ ಬಹಳ ಚುರುಕು. 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಎಂಬ ವಿಜ್ಞಾನಿ ನಾದದ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ಚಿಕ್ಕ ವಯಸ್ಸಿನಲ್ಲೇ ಓದಿ ಮರುಳಾಗಿದ್ದರು. ಅವರ ಪತ್ನಿ ಲೋಕಸುಂದರಿ ಅಮ್ಮಾಳ್ ವೀಣೆ ನುಡಿಸುತ್ತಿದ್ದರು.

ಆ ಕಾಲದಲ್ಲಿ ನಮ್ಮ ದೇಶದ ಹುಡುಗನೊಬ್ಬ ವಿಜ್ಞಾನಿಯಾಗಿಯೇ ಬದುಕುವುದು ಸುಲಭವಿರಲಿಲ್ಲ. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು, 1907ರಲ್ಲಿ ಕಲ್ಕತ್ತೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾದರು. ಅಲ್ಲಿ ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಘವೊಂದರ ಕಟ್ಟಡವಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ಅದನ್ನು 1876ರಲ್ಲಿ ಕಟ್ಟಿದ್ದರು. ಪ್ರಯೋಗಶಾಲೆಯಿತ್ತು, ಪ್ರಯೋಗ ಮಾಡುವವರಿರಲಿಲ್ಲ. ರಾಮನ್ ಅದರ ಬಾಗಿಲು ತಟ್ಟಿದರು. ಅಂದಿನಿಂದ ಅವರ ದಿನಚರಿ ಹೀಗಾಯಿತು: ಬೆಳಿಗ್ಗೆ ಕಚೇರಿಗೆ ಮೊದಲು ಪ್ರಯೋಗ, ಹಗಲೆಲ್ಲ ಲೆಕ್ಕಪತ್ರ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗ. ಆಶುತೋಷ್ ಡೇ ಎಂಬ ಸಹಾಯಕರೊಬ್ಬರು ಮಾತ್ರ ಜೊತೆಗಿದ್ದರು.

ದುಬಾರಿ ಯಂತ್ರ ಕೊಳ್ಳಲು ದುಡ್ಡಿರಲಿಲ್ಲ. ತಂತಿ ವಾದ್ಯಗಳಿಗೆ ಅಂಥ ಯಂತ್ರ ಬೇಕಾಗಿಯೂ ಇರಲಿಲ್ಲ. ಭಿಕ್ಷುಕರ, ಬೈರಾಗಿಗಳ ಕೈಯಲ್ಲಿರುವ ಏಕತಾರಿಯ ಮೇಲೆ ರಾಮನ್ 1909ರಲ್ಲೇ ಒಂದು ವಿಜ್ಞಾನ ಲೇಖನ ಬರೆದರು. ನಮ್ಮ ಬಳ್ಳಾರಿಯ ಸೀಮೆಯಲ್ಲಿ ತತ್ವಪದ ಹಾಡುವವರು ಹಿಡಿಯುತ್ತಾರಲ್ಲ, ಅದೇ ಒಂಟಿ ತಂತಿಯ ವಾದ್ಯ! ಅದೂ ಒಂದು ವಿಜ್ಞಾನದ ವಿಷಯವೇ ಎಂದು ಆಗ ಹಲವರು ಮೂಗು ಮುರಿದಿದ್ದರೂ ಆಶ್ಚರ್ಯವಿಲ್ಲ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆಯಿತು. ಸಂಬಳ ಸರ್ಕಾರಿ ಹುದ್ದೆಗಿಂತ ತೀರಾ ಕಡಿಮೆ. ರಾಮನ್ ಹೋದರು. ಮರುವರ್ಷವೇ ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ ಎಂಬ ದೊಡ್ಡ ಬರಹ ಹೊರಬಂತು. ಕಮಾನಿನ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹಾರುತ್ತದೆ, ಮತ್ತೆ ಸಿಕ್ಕಿಬೀಳುತ್ತದೆ. ಒಂದು ಸೆಕೆಂಡಿನಲ್ಲಿ ನೂರಾರು ಸಲ ಹೀಗಾಗುತ್ತದೆ. ಇದನ್ನು ಅಳೆಯುವುದು ಹೇಗೆ? ಮನುಷ್ಯನ ಕೈ ಎರಡು ಸಲ ಒಂದೇ ಒತ್ತಡದಲ್ಲಿ ಎಳೆಯಲಾರದು. ಅದಕ್ಕೆ ರಾಮನ್ ಪಿಟೀಲು ನುಡಿಸುವ ಒಂದು ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ಒಂದೇ ಕಡೆ ನಿಲ್ಲುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಓಡಾಡುತ್ತಿತ್ತು! ಕಮಾನನ್ನು ಕುದುರೆಯ ಹತ್ತಿರ ಹತ್ತಿರ ಒಯ್ದಷ್ಟೂ ಹೆಚ್ಚು ಒತ್ತಬೇಕು ಎಂಬುದನ್ನು ಅವರು ಅಳೆದು ತೋರಿಸಿದರು. ಪಿಟೀಲು ವಿದ್ವಾಂಸರ ಬೆರಳುಗಳಿಗೆ ಅದು ಮೊದಲೇ ತಿಳಿದಿತ್ತು. ಎಷ್ಟು ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಈಗ ನಮ್ಮ ದಾರದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ.

ಇಬ್ಬರು ಗೆಳತಿಯರು ಹಗ್ಗದ ಎರಡು ತುದಿ ಹಿಡಿದು ಅಲುಗಿಸುತ್ತಿದ್ದಾರೆ ಎಂದುಕೊಳ್ಳಿ. ನಿಧಾನವಾಗಿ ಅಲುಗಿಸಿದರೆ ಹಗ್ಗ ಒಂದೇ ದೊಡ್ಡ ಕಮಾನಾಗಿ ಆಡುತ್ತದೆ. ಬೇಗ ಅಲುಗಿಸಿದರೆ ಅದು ಎರಡು ಭಾಗವಾಗಿ ಆಡುತ್ತದೆ, ನಟ್ಟನಡುವಿನ ಬಿಂದು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ನಿಸ್ಪಂದ ಬಿಂದು ಎನ್ನುತ್ತೇವೆ. ಮೀಟಿದ ತಂತಿ ಇಂಥ ಆಟಗಳನ್ನೆಲ್ಲ ಒಟ್ಟಿಗೇ ಆಡುತ್ತದೆ. ಇಡೀ ತಂತಿ ಆಡಿದರೆ ಮೂಲಸ್ವರ. ಎರಡು, ಮೂರು, ನಾಲ್ಕು ಭಾಗವಾಗಿ ಆಡಿದರೆ ಮೇಲಿನ ಉಪಸ್ವರಗಳು. ಈ ಉಪಸ್ವರಗಳ ಬೆರಕೆಯಿಂದಲೇ ನಾದಕ್ಕೆ ಬಣ್ಣ ಬರುತ್ತದೆ. ಇಂಗ್ಲೆಂಡಿನ ಥಾಮಸ್ ಯಂಗ್ ಎಂಬ ವಿಜ್ಞಾನಿ ಒಂದು ನಿಯಮ ಹೇಳಿದ್ದರು: ತಂತಿಯನ್ನು ಎಲ್ಲಿ ಮೀಟುತ್ತೀರೋ ಅಲ್ಲಿ ಯಾವ ಉಪಸ್ವರದ ನಿಸ್ಪಂದ ಬಿಂದು ಇರುತ್ತದೋ, ಆ ಉಪಸ್ವರ ಹುಟ್ಟುವುದಿಲ್ಲ. ಸರಿಯಾದ ಮಾತೇ. ನಟ್ಟನಡುವೆ ಮೀಟಿದರೆ ನಡುಬಿಂದು ಅಲುಗಲೇಬೇಕು. ಹಾಗಿದ್ದರೆ ಎರಡು ಭಾಗದ ಆಟ ಎಲ್ಲಿಂದ ಬಂದೀತು?

ರಾಮನ್ ತಂಬೂರಿ ಮತ್ತು ವೀಣೆಯನ್ನು ಪರೀಕ್ಷಿಸಿದರು. ಬರಬಾರದ ಉಪಸ್ವರ ಬಂತು! ಅದೂ ಮೆಲ್ಲಗಲ್ಲ, ಗಟ್ಟಿಯಾಗಿ ಬಂತು.

ಬೇರೆಯವರಾಗಿದ್ದರೆ ವಾದ್ಯ ಸರಿಯಿಲ್ಲ ಎಂದು ಮೂಲೆಗೆ ಇಡುತ್ತಿದ್ದರೇನೋ. ಪುಸ್ತಕದ ನಿಯಮ ತಪ್ಪಲಾರದು ಎಂದು ತಮ್ಮ ಕಿವಿಯನ್ನೇ ಅನುಮಾನಿಸುತ್ತಿದ್ದರೇನೋ. ರಾಮನ್ ಕುದುರೆಯನ್ನು ನೋಡಿದರು. ಪಿಟೀಲಿನ ಅಥವಾ ಗಿಟಾರಿನ ತಂತಿ ಕುಳಿತಿರುವುದು ಕಿರಿದಾದ ಅಂಚಿನ ಮೇಲೆ. ಅಲ್ಲಿಗೆ ತಂತಿ ಮುಗಿಯಿತು, ಅಷ್ಟೇ. ಯಂಗ್ ಅವರ ನಿಯಮ ಅಂಥ ತಂತಿಯ ಮಾತು. ತಂಬೂರಿಯ ಕುದುರೆ ಅಗಲ, ಮೇಲ್ಮೈ ನವಿರಾಗಿ ಬಾಗಿದೆ. ಕಂಪಿಸುವ ತಂತಿ ಅದನ್ನು ಸವರುತ್ತಾ, ಬಿಡುತ್ತಾ, ಮತ್ತೆ ಸವರುತ್ತಾ ಇರುತ್ತದೆ. ಪ್ರತಿ ಕಂಪನಕ್ಕೂ ಕುದುರೆ ತಂತಿಗೆ ಪುಟ್ಟ ಪೆಟ್ಟು ಕೊಡುತ್ತದೆ. ಆ ಪೆಟ್ಟುಗಳಿಂದ ಮಲಗಿದ್ದ ಉಪಸ್ವರಗಳೆಲ್ಲ ಏಳುತ್ತವೆ. ತಂತಿ ಕುದುರೆಯನ್ನು ಎಷ್ಟು ಹಗುರವಾಗಿ ಸವರಬೇಕು ಎಂಬುದನ್ನು ನಿರ್ಧರಿಸುವುದೇ ಜೀವಾಳದ ದಾರ. ವೀಣೆಯಲ್ಲಿ ದಾರವಿಲ್ಲ. ಅಲ್ಲಿ ಕುದುರೆಯ ಮೇಲಿನ ಲೋಹದ ತಗಡನ್ನೇ ಅಷ್ಟು ನವಿರಾಗಿ ಉಬ್ಬಿಸಿರುತ್ತಾರೆ. ಇದನ್ನೆಲ್ಲ ರಾಮನ್ 1921ರಲ್ಲಿ ಪ್ರಕಟಿಸಿದರು. ಈ ಕುದುರೆಯನ್ನು ರೂಪಿಸಿದ ಹೆಸರಿಲ್ಲದ ಕುಶಲಕರ್ಮಿಗಳಿಗೆ ನಾದದ ಬಗ್ಗೆ ಎಂಥ ಆಳವಾದ ತಿಳಿವಳಿಕೆ ಇತ್ತು ಎಂಬುದರ ಕಡೆಗೆ ವಿಜ್ಞಾನಿಗಳ ಗಮನ ಸೆಳೆದರು.

ಅಂಥ ಕೈಗಳು ಈಗಲೂ ಇವೆ. ನಮ್ಮ ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಮಿರಜಿನಲ್ಲಿ ತಂಬೂರಿ, ಸಿತಾರ್ ಮಾಡುವ ಶಿಕಲಗಾರ ಮನೆತನಗಳಿವೆ. ಅವರ ಹಿರಿಯರು ಕತ್ತಿ ಮಸೆಯುವವರಾಗಿದ್ದು, 19ನೇ ಶತಮಾನದಲ್ಲಿ ವಾದ್ಯದ ಕೆಲಸಕ್ಕೆ ತಿರುಗಿದರು. ಸೋರೆಬುರುಡೆಯನ್ನು ಒಣಗಿಸಿ, ಕೊರೆದು, ಮರದ ಹಲಗೆ ಕೂರಿಸುತ್ತಾರೆ. ಕೊನೆಗೆ ಕುದುರೆಯನ್ನು ಅರದಿಂದ ಒಮ್ಮೆ ಉಜ್ಜಿ, ಮೀಟಿ ಕೇಳಿ, ಮತ್ತೊಮ್ಮೆ ಉಜ್ಜುತ್ತಾರೆ. ಒಂದು ಉಜ್ಜು ಹೆಚ್ಚಾದರೆ ನಾದ ಕೆಟ್ಟಂತೆಯೇ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಶ್ರುತಿಪೆಟ್ಟಿಗೆ, ಮೊಬೈಲ್ ತಂಬೂರಿ ಎಲ್ಲ ಬಂದಿವೆ. ಆದರೂ ದೊಡ್ಡ ಗಾಯಕರ ಬೆನ್ನ ಹಿಂದೆ ಮರದ ತಂಬೂರಿಯೇ ನಿಂತಿರುವುದನ್ನು ಟಿ.ವಿ.ಯಲ್ಲಿ ನೋಡಿದ್ದೀರಿ ತಾನೆ?

ಬಳ್ಳಾರಿ ನಗರದ ಮಕ್ಕಳು ಗಿಟಾರನ್ನೂ ನೋಡಿರುತ್ತೀರಿ. ಅದರ ಕಥೆಯೂ ಇಂಥದ್ದೇ. ಸ್ಪೇನ್ ದೇಶದಲ್ಲಿ ಆಂಟೋನಿಯೋ ಡಿ ಟೊರೆಸ್ ಎಂಬ ಬಡಗಿಯಿದ್ದರು. ಗಿಟಾರಿನ ನಾದ ಹುಟ್ಟುವುದು ಮುಖ್ಯವಾಗಿ ಮೇಲಿನ ತೆಳು ಹಲಗೆಯಿಂದ ಎಂದು ಅವರು ನಂಬಿದ್ದರು. ನಂಬಿ ಸುಮ್ಮನಿರಲಿಲ್ಲ. 1862ರಲ್ಲಿ ಮೇಲಿನ ಹಲಗೆ ಮಾತ್ರ ಒಳ್ಳೆಯ ಮರದ್ದು, ಬೆನ್ನು ಮತ್ತು ಪಕ್ಕಗಳು ಕಾಗದದ ರಟ್ಟಿನವು, ಹೀಗೊಂದು ಗಿಟಾರ್ ಮಾಡಿದರು. ಅದು ನುಡಿಯಿತು! ಆ ಗಿಟಾರ್ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಟೊರೆಸ್ ಪ್ರಯೋಗಶಾಲೆ ಕಂಡವರಲ್ಲ. ಆದರೆ ಇದಕ್ಕಿಂತ ಚೊಕ್ಕವಾದ ಪ್ರಯೋಗ ನನಗಂತೂ ಗೊತ್ತಿಲ್ಲ.

ರಾಮನ್ ಅವರ ಮುಂದಿನ ಬದುಕು ನಿಮ್ಮ ಪಠ್ಯದಲ್ಲೇ ಇದೆ, ಬೇಗ ಹೇಳುತ್ತೇನೆ. 1921ರಲ್ಲಿ ಇಂಗ್ಲೆಂಡಿಗೆ ಹೋದರು. ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡು, ನೀರಿಗೆ ಆ ಬಣ್ಣ ಎಲ್ಲಿಂದ ಎಂದು ಯೋಚಿಸತೊಡಗಿದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡುಕೊಂಡರು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಮೇಲೆ ಕೊನೆಯವರೆಗೂ ನಮ್ಮ ನಾಡಿನವರೇ ಆದರು.

ನೊಬೆಲ್ ಬಂದವರು ಮತ್ತೆ ಮೃದಂಗ ಹಿಡಿದು ಕೂತಾರೆಯೇ? ರಾಮನ್ ಕೂತರು. ಸಾಮಾನ್ಯ ಚರ್ಮವಾದ್ಯವನ್ನು ಬಡಿದರೆ ಬರುವುದು ಒಂದಕ್ಕೊಂದು ಹೊಂದದ ಸದ್ದುಗಳ ಗದ್ದಲ. ಮೃದಂಗ, ತಬಲಗಳಲ್ಲಿ ಮಾತ್ರ ತಂತಿಯಂತೆ ಇಂಪಾದ ಸ್ವರ ಬರುತ್ತದೆ. ಅದಕ್ಕೆ ಕಾರಣ ಚರ್ಮದ ನಡುವೆ ಪದರ ಪದರವಾಗಿ ಹಚ್ಚಿದ ಕಪ್ಪು ಕರಣೆ. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು ಅದನ್ನು ಹಚ್ಚುತ್ತಾರೆ. (ನಮ್ಮ ಸಂಡೂರಿನ ಬೆಟ್ಟಗಳನ್ನು ನೋಡಿದವರಿಗೆ ಅಂಥ ಕಲ್ಲು ಹೊಸದಲ್ಲ.) ನಡುವೆ ಭಾರ ಹೆಚ್ಚಿದಾಗ ಚರ್ಮದ ಆಟದ ಲೆಕ್ಕವೇ ಬದಲಾಗುತ್ತದೆ. ಶಿವಕಾಳಿ ಕುಮಾರ್ ಎಂಬುವರ ಜೊತೆಗೆ 1920ರಲ್ಲೇ ಇದನ್ನು ಹೇಳಿದ್ದ ರಾಮನ್, ಬೆಂಗಳೂರಿನಲ್ಲಿ ಅದನ್ನು ಮುಂದುವರಿಸಿದರು. ಚರ್ಮದ ಮೇಲೆ ನವಿರು ಮರಳು ಉದುರಿಸಿ ಬಾರಿಸಿದರೆ, ಅಲುಗದ ಜಾಗಗಳಿಗೆ ಮರಳು ಸರಿದು ರಂಗೋಲಿಯಂಥ ಗೆರೆಗಳು ಮೂಡುತ್ತವೆ. ಆ ಚಿತ್ರಗಳೊಂದಿಗೆ 1934ರಲ್ಲಿ ದೊಡ್ಡ ಲೇಖನವನ್ನು ಪ್ರಕಟಿಸಿದರು. 1970ರ ನವೆಂಬರ್ 21ರಂದು, ತಾವೇ ಕಟ್ಟಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ಅವರು ತೀರಿಕೊಂಡರು. ತಂಬೂರಿಯ ಕುದುರೆಯ ಬಗ್ಗೆ ವಿಜ್ಞಾನಿಗಳು ಇಂದಿಗೂ ಕಂಪ್ಯೂಟರ್ ಹಿಡಿದು ಲೆಕ್ಕ ಹಾಕುತ್ತಲೇ ಇದ್ದಾರೆ.

ಮಾಡಿ ನೋಡಿ

ಬಿಡುವಿನ ವೇಳೆಯಲ್ಲಿ (ಪಾಠದ ನಡುವೆ ಬೇಡ) ಒಂದು ಸ್ಟೀಲ್ ಸ್ಕೇಲನ್ನು ಅರ್ಧ ಮೇಜಿನಾಚೆ ಚಾಚಿ, ಮೇಜಿನ ಅಂಚಿನಲ್ಲೇ ಗಟ್ಟಿಯಾಗಿ ಒತ್ತಿ ಹಿಡಿದು ಮೀಟಿ. ಸದ್ದು ಮೆದುವಾಗಿರುತ್ತದೆ. ಈಗ ಅಂಚಿನಿಂದ ನಾಲ್ಕು ಬೆರಳು ಒಳಗೆ ಒತ್ತಿ ಹಿಡಿದು ಮೀಟಿ. ಸ್ಕೇಲು ಮೇಜಿಗೆ ಬಡಿಯುತ್ತಾ ಝೇಂಕರಿಸುತ್ತದೆ. ಜೀವಾಳದ ಗುಟ್ಟು ಇದರಲ್ಲೇ ಇದೆ.

ತಂಬೂರಿ ಇರುವವರ ಪರಿಚಯವಿದ್ದರೆ, ಅವರ ಅಪ್ಪಣೆ ಕೇಳಿ ಒಂದು ತಂತಿಯನ್ನು ನಟ್ಟನಡುವೆ ಮೀಟಿ, ತಕ್ಷಣ ಅದೇ ಬಿಂದುವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ. ಯಂಗ್ ಅವರ ನಿಯಮದಂತೆ ಸದ್ದು ನಿಲ್ಲಬೇಕು. ಕಿವಿಗೊಟ್ಟು ಕೇಳಿ, ಮೇಲಿನ ಸ್ವರವೊಂದು ಉಳಿದಿರುತ್ತದೆ. ಒಂದೇ ಸಲಕ್ಕೆ ಕೇಳಿಸದಿದ್ದರೆ ಬೇಸರ ಬೇಡ, ನನಗೆ ಕೇಳಿಸಿದ್ದು ಮೂರನೆಯ ದಿನ. ದಾರವನ್ನು ಮಾತ್ರ ಎಳೆಯಬೇಡಿ, ಮತ್ತೆ ಕೂರಿಸಲು ಅಜ್ಜನೇ ಬರಬೇಕಾಗುತ್ತದೆ.