ಲಾವಣಿಗೆ ಕಿವಿಗೊಟ್ಟ ಸಾಹೇಬ

ಕನ್ನಡ ನಾಡಿಗೆ ಬಂದ ಪರದೇಶಿಯರಲ್ಲಿ ನಾಡನ್ನು ಕಂಡು ಹೋದವರು ಹಲವರು. ಅದರ ನುಡಿಯನ್ನು ಕಲಿತು, ಅದರ ಹಳಮೆಗೆ ಒಲಿದವರು ಕೆಲವರೇ. ಜಾನ್ ಫೇತ್‌ಫುಲ್ ಫ್ಲೀಟ್ ಅವರು ಈ ಎರಡನೆಯ ಪಂಕ್ತಿಗೆ ಸೇರಿದವರು.

1847ರಲ್ಲಿ ಹುಟ್ಟಿದ ಫ್ಲೀಟರು ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ವಿದ್ವಾಂಸರ ಬಳಿ ಸಂಸ್ಕೃತವನ್ನು ಅಭ್ಯಾಸಮಾಡಿ, 1867ರಲ್ಲಿ ಮುಂಬಯಿ ಇಲಾಖೆಯ ಸಿವಿಲ್ ಸೇವೆಗೆ ಬಂದರು. 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾಧಿಕಾರಿಯಾದರು. ಸರ್ಕಾರಿ ಕೆಲಸದ ಸಂಚಾರವೇ ಅವರಿಗೆ ಸಂಶೋಧನೆಯ ಯಾತ್ರೆಯಾಯಿತು. ಗುಡಿಯ ಗೋಡೆ, ಕೆರೆಯ ಏರಿ, ಊರ ಹೊರಗಿನ ಹಾಳು ಬಸದಿ, ಇವುಗಳಲ್ಲಿ ಮೂಕವಾಗಿ ನಿಂತಿದ್ದ ಕಲ್ಲುಗಳಿಗೆ ಅವರು ಮತ್ತೆ ಬಾಯಿ ಕೊಟ್ಟರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು 1881ರಲ್ಲಿ ಪ್ರಕಟಿಸಿದವರು ಅವರೇ. ಮರುವರ್ಷ ಹೊರಬಂದ ಅವರ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯು ಚಾಲುಕ್ಯ, ರಾಷ್ಟ್ರಕೂಟ, ಸಿಂದ ಮೊದಲಾದ ಅರಸುಮನೆತನಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿತು. 1883ರಿಂದ 1886ರವರೆಗೆ ಅವರು ಭಾರತ ಸರ್ಕಾರದ ಶಾಸನತಜ್ಞರಾಗಿದ್ದರು. ಗುಪ್ತರ ಶಾಸನಗಳ ಮಹಾಸಂಪುಟ 1888ರಲ್ಲಿ ಬೆಳಕು ಕಂಡಿತು.

ರೋಣ–ಗಜೇಂದ್ರಗಡದ ಸೀಮೆಗೆ ಅವರ ಋಣ ವಿಶೇಷವಾದುದು. ಚಾಲುಕ್ಯರ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾದ ಸೂಡಿಯಲ್ಲಿ ಗಂಗರ ಬೂತುಗನ ಹೆಸರಿನ ತಾಮ್ರಪಟಗಳು ದೊರೆತವು. ಅವು ಕ್ರಿ. ಶ. 938ರವೆಂದು ತಾವೇ ಹೇಳಿಕೊಳ್ಳುತ್ತವೆ. ಫ್ಲೀಟರು ಅವನ್ನು ಅಕ್ಷರಶಃ ಓದಿ ಅಚ್ಚು ಹಾಕಿಸಿ, ಕೂಟಶಾಸನವೆಂದು ತೀರ್ಮಾನಿಸಿದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರ ಸಂಶಯ ಅತಿಯಾಯಿತೆಂದು ಮೈಸೂರಿನ ರೈಸ್ ಸಾಹೇಬರು ಬಹುಕಾಲ ವಾದಿಸಿದರು. ಒಲಿದ ನಾಡಿನ ದಾಖಲೆಯನ್ನೂ ಒರೆಗೆ ಹಚ್ಚದೆ ನಂಬಲಾರದ ಮನಸ್ಸು ಅವರದು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಅವರ ಮತ್ತೊಂದು ಕೆಲಸ. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನಿನಲ್ಲಿ. ಫ್ಲೀಟರು ಈ ದೇಶಕ್ಕೆ ಬಂದದ್ದು ಅದಾದ ಒಂಬತ್ತೇ ವರ್ಷಕ್ಕೆ. ಸೋತವರ ನೆನಪು ಆಗ ಸರ್ಕಾರದ ಕಡತಗಳಲ್ಲಿ ಅಪರಾಧವಾಗಿಯೂ ಜನರ ನಾಲಗೆಯಲ್ಲಿ ಹಾಡಾಗಿಯೂ ಉಳಿದಿತ್ತು. ಸಂಗೊಳ್ಳಿ ರಾಯಣ್ಣನ ದಂಗೆ, ನಿಶ್ಶಸ್ತ್ರೀಕರಣದ ಆಜ್ಞೆಗೆ ತಲೆಬಾಗದ ಹಲಗಲಿಯ ಬೇಡರ ಕದನ, ಜನ ಸಹಿಸದ ವರಮಾನ ತೆರಿಗೆ, ಇವನ್ನು ಕುರಿತ ಲಾವಣಿಗಳನ್ನು ಫ್ಲೀಟರು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು.

ತರಗತಿಯಲ್ಲಿ ಹಲಗಲಿಯ ಲಾವಣಿಯನ್ನು ಪಾಠ ಹೇಳುವಾಗ, ನರಗುಂದದ ಕಡೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದುಂಟು: ಗಲ್ಲಿಗೇರಿಸಿದವರ ಕಡೆಯವನಿಗೆ ಗಲ್ಲಿಗೇರಿದವರ ಹಾಡೇಕೆ ಬೇಕಾಯಿತು? ಪ್ರಶ್ನೆ ಯೋಗ್ಯವಾದುದು. ಫ್ಲೀಟರು ಬಂಡಾಯದ ಪಕ್ಷಪಾತಿಗಳಾಗಿರಲಿಲ್ಲ. ಕೊನೆಯವರೆಗೂ ಅವರು ಆಳುವವರ ನೌಕರರೇ. ಅವರ ಪಾಂಡಿತ್ಯಕ್ಕೆ ಅನುಕೂಲ ಒದಗಿಸಿದ್ದೂ ಅದೇ ಅಧಿಕಾರ. ಇದನ್ನು ಮರೆತು ಅವರನ್ನು ನಾಡಭಕ್ತರೆಂದು ಹೊಗಳುವುದು ಸಲ್ಲದು. ಆದರೂ, ತಮ್ಮವರನ್ನು ಹಳಿಯುವ ಹಾಡು ಕಿವಿಗೆ ಬಿದ್ದಾಗ ಅದನ್ನು ಅಡಗಿಸದೆ ಕಾಗದಕ್ಕೆ ಇಳಿಸಿದ ಪ್ರಾಮಾಣಿಕತೆ ಸಣ್ಣದಲ್ಲ. ಆ ಕಾಲದಲ್ಲಿ ನಮ್ಮ ವಿದ್ವಾಂಸರ ದೃಷ್ಟಿ ಓಲೆಗರಿಯ ಕಾವ್ಯಗಳ ಮೇಲಿತ್ತು. ಹಳ್ಳಿಗರ ಲಾವಣಿ ಸಾಹಿತ್ಯವೆಂಬ ಭಾವನೆ ಇನ್ನೂ ಬಲಿತಿರಲಿಲ್ಲ. ಕನ್ನಡ ಜಾನಪದ ಸಂಗ್ರಹದ ಮೊದಲಿಗರಲ್ಲಿ ಫ್ಲೀಟರ ಹೆಸರು ನಿಂತಿರುವುದು ಇದರಿಂದಲೇ.

1897ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಮೇಲೂ ಅವರ ವ್ಯಾಸಂಗ ನಿಲ್ಲಲಿಲ್ಲ. 1906ರಿಂದ ರಾಯಲ್ ಏಷಿಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಗಳಾಗಿ ದುಡಿದು, 1917ರಲ್ಲಿ ತೀರಿಕೊಂಡರು. ಅವರು ಓದಿದ ಶಾಸನಗಳನ್ನು ಮುಂದಿನವರು ತಿದ್ದಿ ಓದಿದ್ದಾರೆ, ಇನ್ನೂ ಓದುತ್ತಾರೆ. ಶಾಸ್ತ್ರ ಬೆಳೆಯುವ ಬಗೆ ಅದೇ. ಹಾಡಿನ ಮಾತು ಬೇರೆ. ಹಾಡುವವನ ಉಸಿರು ನಿಂತರೆ ಅದನ್ನು ತಿದ್ದಿ ಓದುವವರಿಲ್ಲ. ರೋಣ, ನರಗುಂದಗಳ ಹಳ್ಳಿಗಳಲ್ಲಿ ಇಂದಿಗೂ ಲಾವಣಿ ಬಲ್ಲ ಮುದುಕರಿದ್ದಾರೆ. ಪರದೇಶಿಯೊಬ್ಬ ಅಂದು ಕೊಟ್ಟ ಕಿವಿಯನ್ನು ಆ ಮನೆಗಳ ಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಇಂದು ಕೊಡಬೇಡವೆ?