ಲ್ಯಾಟಿನ್ ಪಾಠದಿಂದ ಕೇಶಿರಾಜನವರೆಗೆ: ಫರ್ಡಿನೆಂಡ್ ಕಿಟ್ಟೆಲ್

ಐಚ್ಛಿಕ ಕನ್ನಡವನ್ನು ಆಯ್ದುಕೊಂಡ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಅಂಜುವುದು ಹಳಗನ್ನಡ ವ್ಯಾಕರಣಕ್ಕೆ. ವಿಭಕ್ತಿ ಪ್ರತ್ಯಯಗಳನ್ನು ಸಾಲಾಗಿ ಬರೆದುಕೊಂಡು ಬಾಯಿಪಾಠ ಮಾಡುವಾಗ, ಹುಟ್ಟಿನಿಂದ ಆಡುತ್ತ ಬಂದ ನುಡಿಯೇ ಪರಭಾಷೆಯಂತೆ ಕಾಣತೊಡಗುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕಡೆಯ ಕನ್ನಡ ಮಕ್ಕಳಿಗಂತೂ ಈ ಅಳುಕು ಇನ್ನಷ್ಟು ಹೆಚ್ಚು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಹೊರೆಯಲ್ಲಿ ದಖನಿ ಉರ್ದು, ಪುಸ್ತಕದಲ್ಲಿ ಇನ್ನೊಂದು ಬಗೆಯ ಕನ್ನಡ. ಇವುಗಳ ನಡುವೆ ತಮ್ಮ ಕನ್ನಡ ಶುದ್ಧವಲ್ಲವೆಂಬ ಸಂಕೋಚ ಅವರಲ್ಲಿ ಬೇಗನೆ ಬೇರೂರುತ್ತದೆ. ಅಂಥವರು ಒಮ್ಮೆಯಾದರೂ ಓದಿ ತಿಳಿಯಬೇಕಾದ ಬದುಕು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರದು. ಕನ್ನಡದ ಮಹಾನಿಘಂಟನ್ನು ರಚಿಸಿದ ಈ ವಿದ್ವಾಂಸರು ಬಾಲ್ಯದಲ್ಲಿ ಕಲಿತ ವ್ಯಾಕರಣ ಕನ್ನಡದ್ದಲ್ಲ, ಲ್ಯಾಟಿನ್ನಿನದು.

ಕಿಟ್ಟೆಲ್ ಅವರು 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಪುಟ್ಟ ಊರಿನಲ್ಲಿ ಜನಿಸಿದರು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದುದೂ ಅದೇ ವರ್ಷ. ತಂದೆ ಚರ್ಚಿನ ಪಾದ್ರಿ. ಆ ಪ್ರಾಂತದ ಜನಸಾಮಾನ್ಯರ ಮಾತು ಕೆಳ ಜರ್ಮನ್. ಶಾಲೆಯ ಮತ್ತು ಗ್ರಂಥದ ಭಾಷೆ ಮೇಲು ಜರ್ಮನ್. ಎರಡರ ನಡುವಿನ ಅಂತರ ಸಣ್ಣದೇನಲ್ಲ. ಇಂಥ ನೆಲದಲ್ಲಿ ಬೆಳೆದ ಹುಡುಗ ಔರಿಖ್ ಪಟ್ಟಣದ ಪ್ರೌಢಶಾಲೆಗೆ ಸೇರಿದನು. ಗಿಮ್ನಾಸಿಯಂ ಎಂದು ಕರೆಯಲಾಗುತ್ತಿದ್ದ ಆ ಬಗೆಯ ಶಾಲೆಗಳಲ್ಲಿ ಲ್ಯಾಟಿನ್ನೇ ವಿದ್ಯೆಯ ಬೆನ್ನೆಲುಬು. ಅದರ ಜೊತೆಗೆ ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನೂ ಕಿಟ್ಟೆಲ್ ಕಲಿತರು.

ಆ ಕಾಲದ ಲ್ಯಾಟಿನ್ ತರಗತಿಯ ರೀತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಲ್ಯಾಟಿನ್ ಆಗ ಯಾರ ಮನೆಯ ಮಾತೂ ಆಗಿರಲಿಲ್ಲ. ಅದನ್ನು ಕಿವಿಯಿಂದ ಕಲಿಯುವ ದಾರಿಯೇ ಇರಲಿಲ್ಲ. ಆದ್ದರಿಂದ ರೂಪಗಳಿಂದಲೇ ಆರಂಭ. ಮೇಜು ಎಂಬರ್ಥದ ಮೆನ್ಸಾ ಎಂಬ ಪದವನ್ನು ಹಿಡಿದು ಮೆನ್ಸಾ, ಮೆನ್ಸೇ, ಮೆನ್ಸಮ್ ಎಂದು ಆರು ವಿಭಕ್ತಿಗಳಲ್ಲಿ, ಎರಡು ವಚನಗಳಲ್ಲಿ ಒಪ್ಪಿಸಬೇಕು. ನಾಮಪದಗಳಿಗೆ ಇಂಥ ಐದು ಗಣಗಳು, ಕ್ರಿಯಾಪದಗಳಿಗೆ ನಾಲ್ಕು. ಪ್ರೀತಿಸು ಎಂಬರ್ಥದ ಧಾತುವನ್ನು ಅಮೋ, ಅಮಾಸ್, ಅಮತ್ ಎಂದು ಪುರುಷ, ವಚನ, ಕಾಲಗಳಿಗೆ ತಕ್ಕಂತೆ ನಡೆಸಬೇಕು. ಶಬ್ದಸಂಗ್ರಹದ ಪಾಠವೂ ಬರಿಯ ಅರ್ಥದ ಪಾಠವಲ್ಲ. ನಾಮಪದವನ್ನು ಕಲಿಯುವಾಗ ಅದರ ಷಷ್ಠೀ ರೂಪವನ್ನೂ ಲಿಂಗವನ್ನೂ, ಕ್ರಿಯಾಪದವನ್ನು ಕಲಿಯುವಾಗ ಅದರ ಮುಖ್ಯ ರೂಪಗಳನ್ನೂ ಕೂಡಿಯೇ ನೆನಪಿಡಬೇಕು. ಬಳಿಕ ವಾಕ್ಯವನ್ನು ಬಿಡಿಸಿ, ಯಾವ ಪದ ಯಾವ ಪದಕ್ಕೆ ಸೇರುತ್ತದೆಂದು ಕಾರಣ ಸಹಿತ ಹೇಳಬೇಕು. ಲಿಂಗವಂತೂ ಅರ್ಥವನ್ನು ನೆಚ್ಚಿಕೊಂಡು ನಡೆಯುವುದಿಲ್ಲ. ಕಿಟಕಿ ಸ್ತ್ರೀಲಿಂಗವಾದರೆ ಗೋಡೆ ಪುಲ್ಲಿಂಗ. ಹೀಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೆ, ಪದವೊಂದನ್ನು ಅದರ ರೂಪ, ಮೂಲ, ಪ್ರಯೋಗಗಳ ಸಮೇತ ಕಾಣುವ ಕಣ್ಣು ಬರುತ್ತದೆ. ನಿಘಂಟುಕಾರನಿಗೆ ಮೊದಲು ಬೇಕಾದುದು ಆ ಕಣ್ಣೇ.

1850ರಲ್ಲಿ ಕಿಟ್ಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ವಿದ್ಯಾಲಯವನ್ನು ಸೇರಿದರು. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿ ಶಾಲೆ ಮತ್ತು ಮುದ್ರಣಾಲಯಗಳನ್ನು ಸ್ಥಾಪಿಸಿ, ಧಾರವಾಡದವರೆಗೆ ತನ್ನ ಕಾರ್ಯವನ್ನು ವಿಸ್ತರಿಸಿತ್ತು. ಹೆರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದರು. ಪ್ರಾಚೀನ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುವ ಗ್ರಂಥಮಾಲೆಯನ್ನೂ ನಡೆಸಿದ್ದರು. ಆ ಮಾಲೆಗೆ ಅವರಿಟ್ಟ ಬಿಬ್ಲಿಯೊಥೇಕಾ ಕರ್ನಾಟಿಕಾ ಎಂಬ ಲ್ಯಾಟಿನ್ ಹೆಸರು ಈ ವಿದ್ವಾಂಸರೆಲ್ಲರ ಹಿನ್ನೆಲೆಯನ್ನು ಸೂಚಿಸುತ್ತದೆ. ಆ ಸಾಲಿಗೆ ಸೇರಲು ಕಿಟ್ಟೆಲ್ 1853ರಲ್ಲಿ ಧಾರವಾಡಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ.

ಬಂದವರೇ ಅವರು ಕನ್ನಡದಲ್ಲಿ ಮುಳುಗಿದರು. ಜನರೊಡನೆ ಜನರಂತೆ ಬೆರೆಯಬೇಕು, ಅವರ ಮಾತು ಮತ್ತು ಕಾವ್ಯವನ್ನು ಬಲ್ಲದವನು ಅವರಿಗೆ ಏನನ್ನೂ ಹೇಳಲಾರನು ಎಂಬುದು ಅವರ ನಿಲುವು. ಈ ಹಂಬಲ ಜೊತೆಗಾರರಾದ ಮಿಷನರಿಗಳಿಗೆ ಹಿಡಿಸಲಿಲ್ಲ. ಧರ್ಮಪ್ರಚಾರಕನಾಗಿ ಅವರು ಯಶಸ್ಸು ಕಾಣಲಿಲ್ಲವೆಂಬುದನ್ನು ಅವರ ಚರಿತ್ರೆಯನ್ನು ಬರೆದವರು ಮರೆಮಾಚಿಲ್ಲ. ಸಂಸ್ಥೆಯೊಳಗೆ ಅವರು ಬಹುಕಾಲ ಒಂಟಿಯಾಗಿಯೇ ಉಳಿದರು. ಮನೆಯ ದುಃಖವೂ ಇದಕ್ಕೆ ಸೇರಿತು. 1860ರಲ್ಲಿ ಕೈಹಿಡಿದ ಪೌಲೀನ್ 1864ರಲ್ಲಿ ಎಳೆಯ ಮಕ್ಕಳನ್ನು ಅಗಲಿ ತೀರಿಕೊಂಡರು. ಮುಂದೆ 1867ರಲ್ಲಿ ಅವರು ಪೌಲೀನಳ ಸೋದರಿ ಯೂಲಿಯನ್ನು ವಿವಾಹವಾದರು.

ಈ ವರ್ಷಗಳಲ್ಲಿಯೇ ಅವರ ವಿದ್ವತ್ತಿನ ಫಲ ಕಾಣತೊಡಗಿತು. ಯೇಸುವಿನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆ 1862ರಲ್ಲಿ ಹೊರಬಂದಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅವರು ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದರು. ಓಲೆಗರಿಯ ಪ್ರತಿಗಳನ್ನು ಹುಡುಕಿ ತಂದು, ಪಾಠಗಳನ್ನು ಹೋಲಿಸಿ, ಶುದ್ಧಪಾಠವನ್ನು ನಿರ್ಣಯಿಸುವ ಕೆಲಸದಲ್ಲಿ ಅವರು ಪಂಡಿತರ ನೆರವನ್ನು ಪಡೆದರು.

ಶಬ್ದಮಣಿದರ್ಪಣದೊಡನೆ ಬೆಳೆದ ಈ ಪರಿಚಯವೇ ಕಿಟ್ಟೆಲ್ ಅವರ ಬದುಕಿನ ತಿರುವು. ಯುರೋಪಿನಿಂದ ಬಂದವನು ಎದುರಿಗೆ ಸಿಕ್ಕ ಭಾಷೆಯನ್ನೆಲ್ಲ ಲ್ಯಾಟಿನ್ ಅಚ್ಚಿನಲ್ಲಿ ಎರಕ ಹೊಯ್ಯುವುದು ಸುಲಭ. ಕನ್ನಡ ಆ ಅಚ್ಚಿಗೆ ಒಗ್ಗುವುದಿಲ್ಲ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಕಿಟಕಿಯೂ ಗೋಡೆಯೂ ನಪುಂಸಕವೇ. ಲ್ಯಾಟಿನ್ ಕ್ರಿಯಾಪದದ ಪ್ರಥಮಪುರುಷ ರೂಪದಿಂದ ಬಂದವರು ಗಂಡೋ ಹೆಣ್ಣೋ ತಿಳಿಯದು; ಬಂದನು, ಬಂದಳು, ಬಂದಿತು ಎಂದು ಕನ್ನಡ ಒಡನೆಯೇ ತಿಳಿಸುತ್ತದೆ. ಲ್ಯಾಟಿನ್ನಿಗೆ ಇಲ್ಲವೆನ್ನಲು ಬೇರೆಯೇ ಪದ ಬೇಕು. ಕನ್ನಡದ ಬಾರೆನು, ಮಾಡನು ಎಂಬ ರೂಪಗಳಲ್ಲಿ ನಿಷೇಧ ಕ್ರಿಯಾಪದದೊಳಗೇ ಅಡಗಿದೆ. ಲ್ಯಾಟಿನ್ ಸಂಬಂಧಾರ್ಥಕ ಸರ್ವನಾಮವನ್ನಿಟ್ಟು ಒಂದು ಉಪವಾಕ್ಯವನ್ನೇ ಕಟ್ಟುವಲ್ಲಿ, ನಿನ್ನೆ ಬಂದ ಹುಡುಗ ಎಂದು ಕನ್ನಡ ಒಂದು ಕೃದಂತದಲ್ಲಿ ಕೆಲಸ ಮುಗಿಸುತ್ತದೆ.

ಕನ್ನಡಿಗರಿಗೂ ಇಂಥ ಪ್ರಶ್ನೆ ಹೊಸದಾಗಿರಲಿಲ್ಲ. ನಾಗವರ್ಮನ ಕರ್ಣಾಟಕ ಭಾಷಾಭೂಷಣವೂ, 1604ರಲ್ಲಿ ಭಟ್ಟಾಕಳಂಕನು ಬರೆದ ಕರ್ಣಾಟಕ ಶಬ್ದಾನುಶಾಸನವೂ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದವು. ಹದಿಮೂರನೆಯ ಶತಮಾನದ ಕೇಶಿರಾಜನು ಕನ್ನಡದ ಕಂದಪದ್ಯಗಳಲ್ಲಿ ಸೂತ್ರಗಳನ್ನು ರಚಿಸಿ, ಕವಿಗಳ ಪ್ರಯೋಗಗಳನ್ನೇ ಪ್ರಮಾಣವಾಗಿ ಮುಂದಿಟ್ಟನು. ಸಂಸ್ಕೃತದ ಚೌಕಟ್ಟನ್ನು ಬಳಸಿಕೊಂಡರೂ ಕನ್ನಡದ ಅಸಾಧಾರಣ ಲಕ್ಷಣಗಳನ್ನು ಎತ್ತಿ ಹೇಳಿದನು. ಲ್ಯಾಟಿನ್ನಿನ ಶಿಸ್ತಿನಲ್ಲಿ ಪಳಗಿದ ಕಿಟ್ಟೆಲ್ ಅವರು ಆ ಗುರುವನ್ನು ಗುರುತಿಸಿದರು. ಹಳೆಯ ಶಾಲೆಯ ಶಿಸ್ತನ್ನು ಉಳಿಸಿಕೊಂಡು, ಕನ್ನಡದ ನಿಯಮಗಳನ್ನು ಕನ್ನಡದ ವೈಯಾಕರಣನಿಂದಲೇ ಕಲಿತರು.

ನಿಘಂಟಿನ ಕೆಲಸಕ್ಕೆ ಹಿಡಿದದ್ದು ಹತ್ತಿರ ಹತ್ತಿರ ಎರಡು ದಶಕ. 1877ರಲ್ಲಿ ಸ್ವದೇಶಕ್ಕೆ ಮರಳಿದ ಕಿಟ್ಟೆಲ್, ಈ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಕನ್ನಡ ನಾಡಿಗೆ ಬಂದರು. ಕಾವ್ಯ, ಶಾಸ್ತ್ರಗ್ರಂಥ, ಗಾದೆ, ಆಡುಮಾತು ಎಲ್ಲವೂ ಅವರಿಗೆ ಆಕರಗಳು. ಕಣ್ಣಿನ ಶಕ್ತಿ ಕುಂದುತ್ತ ಬಂದರೂ ಬರವಣಿಗೆ ನಿಲ್ಲಲಿಲ್ಲ. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವರು ಭಾರತವನ್ನು ಕೊನೆಯ ಬಾರಿಗೆ ಬಿಟ್ಟು ಜರ್ಮನಿಗೆ ಹಿಂದಿರುಗಿದ್ದರು.

ಆ ನಿಘಂಟಿನ ಯಾವುದೇ ಪುಟವನ್ನು ತೆರೆದರೂ ಔರಿಖ್ ಶಾಲೆಯ ಅಭ್ಯಾಸ ಕಾಣುತ್ತದೆ. ಪದದ ಹಳೆಯ ರೂಪ, ಹೊಸ ರೂಪ, ಪ್ರಯೋಗ, ಗಾದೆ, ಅದು ಬಳಕೆಯಲ್ಲಿರುವ ಸೀಮೆ, ತಮಿಳು, ತೆಲುಗು, ಮಲಯಾಳಂ, ತುಳು ಮೊದಲಾದವುಗಳಲ್ಲಿನ ಜ್ಞಾತಿಪದಗಳು ಒಂದೆಡೆ ಸೇರಿವೆ. ಕಾಲಾಂತರದಲ್ಲಿ ಬಿದ್ದುಹೋದ ಱ ಮತ್ತು ೞ ಅಕ್ಷರಗಳಿಗೂ ಅವರು ಸ್ಥಾನ ಕೊಟ್ಟರು. ಅದರ ಪ್ರಯೋಜನವನ್ನು ಗಡಿಭಾಗದ ವಿದ್ಯಾರ್ಥಿ ಬೇರೆಯವರಿಗಿಂತ ಬೇಗ ಅರಿಯಬಲ್ಲನು. ಜಹೀರಾಬಾದಿನ ಸಂತೆಯಲ್ಲಿ ತೆಲುಗಿನವರು ಕೋಡಿ ಎನ್ನುವುದನ್ನು ಅವನು ಮನೆಯಲ್ಲಿ ಕೋಳಿ ಎನ್ನುತ್ತಾನೆ. ಅವರ ಏಡು ಇವನ ಏಳು. ಇಲ್ಲಿ ಕನ್ನಡದ ಳಕಾರಕ್ಕೆ ತೆಲುಗಿನಲ್ಲಿ ಡಕಾರ ಬಂದುದೇಕೆ? ಹಳಗನ್ನಡದಲ್ಲಿ ಇವು ಕೋೞಿ, ಏೞ್ ಎಂದಿದ್ದವು. ಆ ೞಕಾರವೇ ಕನ್ನಡದಲ್ಲಿ ಳ ಆಗಿ, ತೆಲುಗಿನಲ್ಲಿ ಡ ಆಗಿ ಉಳಿದಿದೆ. ವ್ಯಾಕರಣ ತರಗತಿಯಲ್ಲಿ ಸತ್ತ ಅಕ್ಷರವೆನಿಸಿದ ೞ, ಎರಡು ಭಾಷೆಗಳನ್ನು ಬಲ್ಲವನ ಬಾಯಲ್ಲಿ ಎರಡು ರೂಪದಲ್ಲಿ ಇಂದಿಗೂ ಬದುಕಿದೆ. ಎರಡು ನುಡಿಗಳ ನಡುವೆ ಬೆಳೆದುದನ್ನು ಕೊರತೆಯೆಂದು ಬಗೆದವನಿಗೆ ಅದೇ ಸಾಧನವಾಗುತ್ತದೆ.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಊರಿನಲ್ಲಿಯೇ ನೆಲೆಸಿ ಅವರು ತಮ್ಮ ಕೊನೆಯ ಕೃತಿಯಾದ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನು ಒಟ್ಟಿಗೆ ನಿರೂಪಿಸುವ ಆ ಗ್ರಂಥದಲ್ಲಿ ವಿಭಕ್ತಿಗಳಿಗೆ ಯುರೋಪಿನ ಹೆಸರುಗಳಿದ್ದರೂ ತಳಹದಿ ಕೇಶಿರಾಜನದು. 1903ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಧನರಾದರು. ಬೆಂಗಳೂರಿನ ಮೇಯೋ ಹಾಲ್ ಬಳಿ ಇಂದು ಅವರ ಪ್ರತಿಮೆಯಿದೆ. ಧಾರವಾಡದ ಕಾಲೇಜೊಂದು ಅವರ ಹೆಸರನ್ನು ಹೊತ್ತಿದೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಅವರ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು.

ಕಿಟ್ಟೆಲ್ ಅವರ ಕಾರ್ಯಕ್ಷೇತ್ರ ಧಾರವಾಡ, ಮಂಗಳೂರು, ಕೊಡಗು, ಮೈಸೂರು ಸೀಮೆಗಳದಾಗಿತ್ತು. ನಿಜಾಮರ ಆಳ್ವಿಕೆಯ ಕನ್ನಡ ಪ್ರದೇಶ ಅದರ ಹೊರಗಿತ್ತು. ಆ ಪ್ರದೇಶದಲ್ಲಿಯೇ ಅಡಗಿದೆ ಕನ್ನಡದ ಮೊದಲ ಶಾಸ್ತ್ರಗ್ರಂಥದ ನೆಲೆ. ತಾಂಡೂರನ್ನು ಹಾಯ್ದು ಬರುವ ಕಾಗಿಣಾ ನದಿ ಮುಂದೆ ಮಳಖೇಡದ ಕೋಟೆಯ ಬದಿಯಲ್ಲಿ ಹರಿಯುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವಾದ ಆ ಊರಿನ ಆಸ್ಥಾನದಲ್ಲಿಯೇ ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡದ ನಾಡನ್ನು ಗುರುತಿಸಿದ ಕೃತಿಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯಿಂದ ನಾರಾಯಣಖೇಡವೂ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ, ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಆಡಳಿತದ ಗೆರೆ ಬದಲಾದರೂ ಅಲ್ಲಿಯ ಕನ್ನಡ ಮನೆಗಳಲ್ಲಿ ಮಾತು ನಡೆದೇ ಇದೆ. ಹೊಲದ, ಅಡುಗೆಮನೆಯ, ಹಬ್ಬದ, ನಂಟಸ್ತನದ ಎಷ್ಟೋ ಪದಗಳು ಹಿರಿಯರ ನಾಲಿಗೆಯಲ್ಲಿವೆ.

ಆ ಪದಗಳನ್ನು ಬರೆದಿಡಲು ಹೊರನಾಡಿನಿಂದ ಇನ್ನೊಬ್ಬ ಕಿಟ್ಟೆಲ್ ಬರಬೇಕಾಗಿಲ್ಲ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಯೊಬ್ಬನು ಒಂದು ನೋಟುಪುಸ್ತಕವನ್ನು ಜೊತೆಗೆ ಒಯ್ಯಲಿ. ಅಜ್ಜಿಯ ಬಾಯಿಂದ ಬಂದ ಪದ, ಅದರ ರೂಪ, ಅದು ಬಂದ ವಾಕ್ಯ, ಅದಕ್ಕೆ ನೆರೆಯ ತೆಲುಗಿನಲ್ಲಿರುವ ಪದ, ಊರಿನ ಹೆಸರು, ಇಷ್ಟನ್ನು ಬರೆದುಕೊಳ್ಳಲಿ. ಮರಳಿ ಬಂದ ಮೇಲೆ ವಿಭಾಗದ ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟನ್ನು ತೆರೆದು, ಆ ಪದ ಅಲ್ಲಿದೆಯೇ ಎಂದು ನೋಡಲಿ. ಇದ್ದರೆ ತನ್ನ ಮನೆಯ ಮಾತಿಗೆ ಎಷ್ಟು ಹಳೆಯ ಬೇರಿದೆಯೆಂಬುದು ತಿಳಿದೀತು. ಇಲ್ಲದಿದ್ದರೆ ಅದನ್ನು ದಾಖಲಿಸುವ ಹೊಣೆ ಅವನ ಪಾಲಿಗೆ ಬಂದಿದೆ.