ಪಂಡಿತಾ ರಮಾಬಾಯಿಯವರ ಚರಿತ್ರೆ

ಭಟ್ಕಳ, ಹೊನ್ನಾವರ, ಕುಮಟೆಯ ಹಳ್ಳಿಗಳಲ್ಲಿ ಹದಿಮೂರು ಹದಿನಾಲ್ಕು ವರುಷದ ಬಾಲೆಯರನ್ನು ಸಾಕುತ್ತಿರುವ ತಾಯಿತಂದೆಗಳಿಗೆ ಉಪಯೋಗವಾದೀತೆಂದು ಎಣಿಸಿ ಈ ಚರಿತ್ರೆಯನ್ನು ಬರೆಯುತ್ತೇವೆ. ಹೊಡೆತ, ಬಲಾತ್ಕಾರ, ಎಳೆಪ್ರಾಯದ ಮದುವೆ, ಇವು ಹೆಣ್ಣುಮಕ್ಕಳ ಮೇಲೆ ಬೀಳದಂತೆ ತಡೆಯುವ ಬಗೆ ಯಾವದೆಂದು ವಿಚಾರಿಸುವವರು ಬಹು ದೂರ ಹೋಗಬೇಕಾಗಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿಯೇ, ತುಂಗೆಯೂ ಭದ್ರೆಯೂ ನೇತ್ರಾವತಿಯೂ ಹುಟ್ಟುವ ಗಂಗಾಮೂಲದ ಕಾಡಿನೊಳಗೆ, 1858ನೆಯ ಏಪ್ರಿಲ್ 23ರಲ್ಲಿ ರಮಾಬಾಯಿಯವರು ಹುಟ್ಟಿದರು.

ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಹೆಂಗಸಿಗೆ ಆ ವಿದ್ಯೆ ಕೊಡಬಾರದೆಂದು ಜನರು ದೂರಿದ್ದರಿಂದ ಉಡುಪಿಯ ಪಂಡಿತರ ಸಭೆಯಲ್ಲಿ ನಿಂತು ಶಾಸ್ತ್ರಾಧಾರಗಳಿಂದಲೇ ಉತ್ತರ ಹೇಳಬೇಕಾಯಿತು. ತಂದೆಗೆ ವಯಸ್ಸಾದ ಬಳಿಕ ಮಗಳಿಗೆ ಕಲಿಸುವ ಕೆಲಸವು ತಾಯಿಯ ಪಾಲಿಗೆ ಬಂತು. ಹಗಲೆಲ್ಲಾ ಮನೆಗೆಲಸವಿದ್ದದರಿಂದ ಆಕೆ ಬೆಳಗಾಗುವ ಮೊದಲೇ ಮಗುವನ್ನು ಎಬ್ಬಿಸಿ, ತೊಡೆಯ ಮೇಲೆ ಕೂಡ್ರಿಸಿಕೊಂಡು ಪಾಠ ಹೇಳುವಳು. ಈ ಪಾಠವನ್ನು ವಾಚಕರು ಜ್ಞಾಪಕದಲ್ಲಿಡಲಿ. ಮುಂದಿನದೆಲ್ಲಾ ಇದರಿಂದಲೇ ಹೊರಟಿತೆಂದು ನಾವು ತಿಳಿಯುತ್ತೇವೆ.

ಬರಗಾಲದಲ್ಲಿ, 1874ರಲ್ಲಿ, ತಂದೆಯೂ ತಾಯಿಯೂ ಕೆಲವೇ ತಿಂಗಳೊಳಗೆ ತೀರಿಹೋದರು. ಹದಿನಾರು ವರುಷದ ರಮಾಬಾಯಿಯು ಅಣ್ಣನ ಸಂಗಡ ಹಸಿವೆಯಿಂದ ದೇಶವನ್ನೆಲ್ಲಾ ಕಾಲ್ನಡೆಯಾಗಿ ಸುತ್ತಿ 1878ರಲ್ಲಿ ಕಲಕತ್ತೆಗೆ ಮುಟ್ಟಲಾಗಿ, ಅಲ್ಲಿಯ ವಿದ್ವಾಂಸರು ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. ಅಣ್ಣನು ಸತ್ತನು, ಬಂಗಾಳದಲ್ಲಿ ಮದುವೆಯಾದ ಗಂಡನೂ 1882ರಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಮನೋರಮೆಯೆಂಬ ಕೂಸಿನೊಡನೆ ಪುಣೆಗೆ ಬಂದು, ಹೆಂಗಸರಿಗೆ ಹೆಂಗಸರೇ ಉಪಾಧ್ಯಾಯರೂ ವೈದ್ಯರೂ ಆಗಬೇಕೆಂದು ಅದೇ ವರುಷ ಸರಕಾರದ ಶಿಕ್ಷಣ ಕಮಿಶನಿನ ಮುಂದೆ ಸಾಕ್ಷಿ ಹೇಳಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು.

ಆ ಕಾಲದ ಬಾಲೆಯರ ಗತಿಯನ್ನು ಒಂದು ಸಂಗತಿಯಿಂದ ತಿಳಿಯಬಹುದು. ಬಾಲ್ಯದಲ್ಲಿಯೇ ಮದುವೆಯಾದ ರಖ್ಮಾಬಾಯಿಯವರು ಗಂಡನ ಮನೆಗೆ ಹೋಗಲೊಲ್ಲದ್ದರಿಂದ, ಹೋಗು ಇಲ್ಲವೆ ಆರು ತಿಂಗಳು ಸೆರೆಯಲ್ಲಿರು ಎಂದು ಮುಂಬಯಿಯ ನ್ಯಾಯಸ್ಥಾನವು 1887ರಲ್ಲಿ ತೀರ್ಪು ಕೊಟ್ಟಿತು. ಅದೇ ವರುಷ ಅಮೇರಿಕದಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ರಮಾಬಾಯಿಯವರು ಈ ಅನ್ಯಾಯವನ್ನು ಬಯಲುಮಾಡಿದರು. ಆದರೆ ಪುಸ್ತಕ ಬರೆದು ಸುಮ್ಮನಾಗಲಿಲ್ಲ. 1889ನೆಯ ಮಾರ್ಚ್ 11ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂತಿರಬೇಕಾದ ಬಾಲವಿಧವೆಯರು ಅಲ್ಲಿ ಓದಿದರು. ಅಲ್ಲಿ ಮೊದಲು ಬಂದ ವಿಧವೆಯಾದ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದರು. ಆ ಕರ್ವೆಯವರೇ 1916ರಲ್ಲಿ ಹೆಂಗಸರ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಮತಾಂತರದ ಸಂಶಯದಿಂದ ಪುಣೆಯ ಗೃಹಸ್ಥರು 1893ರಲ್ಲಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದದ್ದೂ ಉಂಟು. ರಮಾಬಾಯಿಯವರು ಸುಲಭವಾಗಿ ಬಗ್ಗುವವರಲ್ಲ.

1896-97ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋದಾಗ, ಹಸಿದ ಹುಡುಗಿಯರನ್ನು ಕೆಟ್ಟ ಜನರು ಹಿಡಿ ಅನ್ನದ ಆಸೆ ತೋರಿಸಿ ಒಯ್ಯುವದನ್ನು ಕಂಡರು. ತಾವೇ ಹದಿನಾರರಲ್ಲಿ ಹಾಗೆ ಹಸಿದವರು. ಸುಮಾರು 300 ಮಂದಿಯನ್ನು ಕರತಂದು, ಪುಣೆಯ ಪೂರ್ವಕ್ಕಿರುವ ಕೇಡಗಾಂವದಲ್ಲಿ ಇರಿಸಿದರು. ಮುಕ್ತಿ ಎಂಬ ಹೆಸರಾಯಿತು. 1900ರ ಗುಜರಾಥದ ಬರವು ಮುಗಿಯುವಾಗ ಅಲ್ಲಿ ಸುಮಾರು 2,000 ಮಂದಿ ಇದ್ದರು. ಇಷ್ಟು ಜನರನ್ನು ಒಬ್ಬ ಹೆಂಗಸು ನೋಡಿಕೊಳ್ಳುವದು ಹೇಗೆ? ಮೊದಲು ಬಂದು ಕಲಿತವರು ಬಳಿಕ ಬಂದವರಿಗೆ ಅಕ್ಕಂದಿರಾದರು. ಮೈ ತೊಳೆಯುವದು, ಅಕ್ಷರ, ನೇಯಿಗೆ, ಗಾಣ, ಹೊಲದ ಕೆಲಸ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವದು, ಹೀಗೆ ಕೈಯಿಂದ ಕೈಗೆ ಕೆಲಸವು ದಾಟಿತು. ಕುರುಡಿಯರೂ ಬೆರಳಿನಿಂದ ಓದಲು ಕಲಿತರು. ಕೆಟ್ಟುಹೋದವಳೆಂದು ಊರು ಹೊರದೂಡಿದ ಹೆಂಗಸರಿಗಾಗಿ ಕೃಪಾ ಸದನವೆಂಬ ಬೇರೆ ಮನೆಯಿತ್ತು. ದೂಷಣೆಯನ್ನು ಪೆಟ್ಟು ಕೊಟ್ಟವನ ಮೇಲೆ ಹೊರಿಸದೆ ಪೆಟ್ಟು ತಿಂದವಳ ಮೇಲೆ ಹೊರಿಸುವ ವಾಡಿಕೆಯು ನಮ್ಮ ಕರಾವಳಿಯಲ್ಲಿಯೂ ಸತ್ತಿಲ್ಲ. ಆದದರಿಂದ ಈ ಮನೆಯನ್ನು ಎಲ್ಲದಕ್ಕಿಂತ ದೊಡ್ಡದೆಂದು ನಾವು ಎಣಿಸುತ್ತೇವೆ. ನಮ್ಮ ಊರುಗಳಲ್ಲಿ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗುವ ಹುಡುಗಿಯು ದಾರಿಯಲ್ಲಿ ನಡೆದದ್ದನ್ನು ತಾಯಿಗೆ ಹೇಳಲಾರದಿದ್ದರೂ, ಕಾಲೇಜು ಓದಿದ ಅಕ್ಕನಿಗೆ ಹೇಳ್ಯಾಳು.

ಮನೋರಮೆಯು ತಾಯಿಯ ಹಾದಿಯನ್ನೇ ಹಿಡಿದಳು. ಈಗ ನಮ್ಮ ಕರ್ನಾಟಕಕ್ಕೆ ಸೇರಿದ ಗುಲಬರ್ಗೆಯಲ್ಲಿ 1912ರಲ್ಲಿ ಅವರು ತೆರೆದ ಶಾಲೆಗೆ ಆಕೆಯೇ ಮುಖ್ಯಸ್ಥೆ. 1921ರಲ್ಲಿ ಮಗಳು ತಾಯಿಗಿಂತ ಮುಂಚೆ ತೀರಿಹೋದಳು. ರಮಾಬಾಯಿಯವರು ಸತ್ಯವೇದವನ್ನು ಮರಾಠಿಗೆ ತರುವ ಕೆಲಸವನ್ನು ಮುಗಿಸಿ 1922ನೆಯ ಏಪ್ರಿಲ್ 5ರಲ್ಲಿ ನಿದ್ರೆಹೋದರು. ಆ ಗ್ರಂಥವನ್ನು ಅಚ್ಚುಹಾಕಿದ್ದು ಮುಕ್ತಿಯ ಹುಡುಗಿಯರೇ.